ಚಿತ್ರಕಥೆ, ಸಿನಿಮಾ, ಹಳೆಯ ಧಾರಾವಾಹಿ: ಸೂಪರ್‌ಹೀರೋ ಕಥೆಗೆ ಯಾವ ದಾರಿ ಹಿಡಿಯಬೇಕು?

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಕನ್ನಡ ಮನೆಗಳಲ್ಲಿ ಇಂದು ನಲವತ್ತರ ಆಸುಪಾಸಿನಲ್ಲಿರುವವರ ಬಾಲ್ಯದ ಸಾಹಸನಾಯಕರು ಒಂದೇ ಭಾಷೆಯವರಾಗಿರಲಿಲ್ಲ. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ ಕನ್ನಡದಲ್ಲಿ ಹಾರಾಡಿದ; ಮತ್ತೊಂದು ಮಕ್ಕಳ ಪತ್ರಿಕೆ ಬಾಲರಮದ ಮಾಯಾವಿ ಮಲಯಾಳದಲ್ಲಿ ಮಾಯವಾಗಿ ಮತ್ತೆ ಪ್ರತ್ಯಕ್ಷನಾದ; ಶಕ್ತಿಮಾನ್ ಹಿಂದಿಯಲ್ಲಿ ಗಿರಗಿರನೆ ತಿರುಗುತ್ತ ಬಂದ; ಸೂಪರ್‌ಮ್ಯಾನ್, ಸ್ಪೈಡರ್‌ಮ್ಯಾನ್‌ಗಳು ಇಂಗ್ಲಿಷಿನಲ್ಲಿ ಅರ್ಧ ಅರ್ಥವಾಗಿ, ಉಳಿದರ್ಧ ಊಹೆಗೆ ಬಿಟ್ಟು ಬಂದರು. ಆ ತಲೆಮಾರಿನವರೇ ಈಗ ತಂದೆತಾಯಂದಿರು. ಏಪ್ರಿಲ್‌, ಮೇ ತಿಂಗಳ ರಜೆ ಬಂದಾಗ ಮಕ್ಕಳಿಗೆ ಯಾವುದರಿಂದ ಆರಂಭ ಮಾಡಿಸಬೇಕು, ತಾವೇ ಮತ್ತೊಮ್ಮೆ ಹಿಡಿಯುವುದಾದರೆ ಯಾವುದನ್ನು ಹಿಡಿಯಬೇಕು ಎಂಬ ಪ್ರಶ್ನೆ ಅವರ ಮುಂದೆ ಬರುತ್ತದೆ. ಚಿತ್ರಕಥೆಯ (ಕಾಮಿಕ್ಸ್) ಪುಸ್ತಕ, ಸಿನಿಮಾ, ಟಿವಿ ಧಾರಾವಾಹಿ ಎಂಬ ಮೂರು ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಈ ಬರಹ ಅಂಥವರಿಗಾಗಿ ಇದೆ. ಇದು ನಿಷ್ಪಕ್ಷಪಾತ ವಿಮರ್ಶೆಯಲ್ಲ, ಒಬ್ಬ ಅಭಿಮಾನಿಯ ಅಭಿಪ್ರಾಯ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಇಂಥ ಹೋಲಿಕೆಗಳಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಹೇಗಿದೆ, ಹೊಡೆದಾಟ ಹೇಗಿದೆ, ಮೂಲಕಥೆಗೆ ಎಷ್ಟು ನಿಷ್ಠವಾಗಿದೆ ಎಂಬ ಅಳತೆಗೋಲುಗಳನ್ನು ಬಳಸುತ್ತಾರೆ. ನನ್ನ ಅಳತೆಗೋಲು ಬೇರೆ. ಕಥೆಯ ಗತಿ ಯಾರ ಕೈಯಲ್ಲಿದೆ ಎಂಬುದನ್ನು ನಾನು ಮೊದಲು ಕೇಳುತ್ತೇನೆ. ಪುಸ್ತಕದಲ್ಲಿ ಅದು ಓದುಗನ ಕೈಯಲ್ಲಿರುತ್ತದೆ; ಒಂದು ಚೌಕದ ಮೇಲೆ ಕಣ್ಣು ನೆಟ್ಟು ಕೂರಬಹುದು, ಹಿಂದಿನ ಪುಟಕ್ಕೆ ಹೋಗಿ ಬರಬಹುದು. ಸಿನಿಮಾದಲ್ಲಿ ಅದು ನಿರ್ದೇಶಕನ ಕೈಯಲ್ಲಿರುತ್ತದೆ. ಹಳೆಯ ಟಿವಿಯಲ್ಲಿ ಮಾತ್ರ ಅದು ಇಬ್ಬರ ಕೈಯಲ್ಲೂ ಇರಲಿಲ್ಲ, ವಾರದ ಕೈಯಲ್ಲಿತ್ತು: ಈ ಭಾನುವಾರದಿಂದ ಮುಂದಿನ ಭಾನುವಾರದವರೆಗೆ ಕಾಯುವುದೂ ಆ ಕಥೆಯದೇ ಒಂದು ಭಾಗವಾಗಿತ್ತು. ಯಾವುದನ್ನು ಆರಿಸಬೇಕೆಂಬುದು ಬಹುಮಟ್ಟಿಗೆ ಈ ಒಂದು ವ್ಯತ್ಯಾಸದಿಂದಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ವಾದ.

ಒಂದೇ ಕಥೆ, ಮೂರು ಅಳತೆ

ವಾದವನ್ನು ಪರೀಕ್ಷಿಸಲು ಸೂಪರ್‌ಮ್ಯಾನ್‌ನ ಹುಟ್ಟಿನ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ಯುವಕರು ಸೃಷ್ಟಿಸಿದ ಈ ಪಾತ್ರ 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಿತು. ನಾಶವಾಗುತ್ತಿರುವ ಗ್ರಹ, ಮಗುವನ್ನು ನೌಕೆಯಲ್ಲಿಟ್ಟು ಕಳುಹಿಸುವ ತಂದೆತಾಯಿ, ಭೂಮಿಯಲ್ಲಿ ಅದನ್ನು ಸಾಕುವ ರೈತ ದಂಪತಿ ಎಂಬ ಈ ಕಥೆ ಅಂದಿನಿಂದ ಇಂದಿನವರೆಗೆ ಅದೆಷ್ಟು ಬಾರಿ ಮರುಹುಟ್ಟು ಪಡೆದಿದೆಯೋ ಲೆಕ್ಕವಿಲ್ಲ.

2005ರಲ್ಲಿ ಆರಂಭವಾಗಿ ಹನ್ನೆರಡು ಸಂಚಿಕೆಗಳಲ್ಲಿ ಮುಗಿದ ‘ಆಲ್-ಸ್ಟಾರ್ ಸೂಪರ್‌ಮ್ಯಾನ್’ ಚಿತ್ರಕಥೆಯಲ್ಲಿ ಲೇಖಕ ಗ್ರಾಂಟ್ ಮಾರಿಸನ್ ಮತ್ತು ಚಿತ್ರಕಾರ ಫ್ರ್ಯಾಂಕ್ ಕ್ವೈಟ್ಲಿ ಈ ಇಡೀ ವೃತ್ತಾಂತವನ್ನು ಮೊದಲ ಪುಟದಲ್ಲಿಯೇ ಮುಗಿಸಿಬಿಡುತ್ತಾರೆ. ನಾಲ್ಕು ಚಿತ್ರಗಳು, ಒಂದೊಂದಕ್ಕೆ ಎರಡೆರಡು ಪದಗಳು, ಒಟ್ಟು ಎಂಟು ಇಂಗ್ಲಿಷ್ ಪದಗಳು. ಕಥೆ ಗೊತ್ತಿರುವವನು ಅದನ್ನು ಐದು ಸೆಕೆಂಡುಗಳಲ್ಲಿ ದಾಟಬಹುದು. ನಾಲ್ಕನೆಯ ಚಿತ್ರದಲ್ಲಿ ಬಾಗಿ ನೋಡುತ್ತಿರುವ ಆ ದಂಪತಿಯ ಮುಖಗಳನ್ನು ನೋಡುತ್ತ ಐದು ನಿಮಿಷ ಕೂರಲೂಬಹುದು. ಎರಡಕ್ಕೂ ಪುಸ್ತಕ ಅಡ್ಡಿ ಮಾಡುವುದಿಲ್ಲ.

ರಿಚರ್ಡ್ ಡಾನರ್ ನಿರ್ದೇಶಿಸಿದ 1978ರ ಸಿನಿಮಾದಲ್ಲಿ ಇದೇ ಸಂಗತಿ ದೀರ್ಘ ಪೀಠಿಕೆಯಾಗುತ್ತದೆ. ಕ್ರಿಪ್ಟಾನ್ ಗ್ರಹದ ಸ್ಫಟಿಕದಂಥ ಬಿಳುಪು, ಮಾರ್ಲನ್ ಬ್ರ್ಯಾಂಡೊನ ಗಂಭೀರ ಮಾತುಗಾರಿಕೆ, ಆಮೇಲೆ ಹೊಲಗಳ ನಡುವಿನ ಬಾಲ್ಯ, ಸಾಕುತಂದೆಯ ಸಾವು ಎಲ್ಲವೂ ಮುಗಿದ ಮೇಲೆಯೇ ಕ್ರಿಸ್ಟಫರ್ ರೀವ್ ಕಾಣಿಸಿಕೊಳ್ಳುತ್ತಾನೆ. ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ಅವನ ಮೊದಲ ಹಾರಾಟಕ್ಕೆ ಮೈ ಜುಮ್ಮೆನ್ನುವ ಶಕ್ತಿ ಬಂದಿದೆ. ಆದರೆ ಮಕ್ಕಳೊಂದಿಗೆ ಕುಳಿತವರಿಗೆ ಆ ಮೊದಲ ಭಾಗದಲ್ಲಿ ‘ಇವನು ಯಾವಾಗ ಹಾರುತ್ತಾನೆ’ ಎಂಬ ಪ್ರಶ್ನೆ ತಪ್ಪುವುದಿಲ್ಲ.

ಮೂರನೆಯದು ‘ಸ್ಮಾಲ್‌ವಿಲ್’ ಎಂಬ ಧಾರಾವಾಹಿ. 2001ರಿಂದ 2011ರವರೆಗೆ ಹತ್ತು ಸೀಸನ್, 217 ಕಂತುಗಳು. ನಾಯಕ ಹಾರಬಾರದು, ಆ ಉಡುಪು ತೊಡಬಾರದು ಎಂಬುದು ಅದನ್ನು ತಯಾರಿಸಿದವರೇ ಹಾಕಿಕೊಂಡ ನಿಯಮವಾಗಿತ್ತು, ಮತ್ತು ಆ ಉಡುಪು ಹೊರಬರುವುದು ಕೊನೆಯ ಕಂತಿನಲ್ಲಿ. ವಾರಕ್ಕೊಂದರಂತೆ ಹತ್ತು ವರ್ಷ ನೋಡಿದವರಿಗೆ ಅದು ಒಂದು ಸ್ನೇಹದಂತಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಇಂದು ಅದನ್ನು ಮೊದಲಿನಿಂದ ಆರಂಭಿಸುವವರು ಸುಮಾರು 150 ಗಂಟೆಗಳನ್ನು ಒಪ್ಪಿಸಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಎಷ್ಟು ಬಾರಿ ಹೋಗಿ ಬರಬಹುದೆಂದು ಓದುಗರೇ ಲೆಕ್ಕ ಹಾಕಲಿ, ತಲಪಾಡಿಯಲ್ಲಿ ಸಿಕ್ಕಿಬೀಳುವ ಹೊತ್ತನ್ನೂ ಸೇರಿಸಿ.

ಪುಸ್ತಕವನ್ನು ಆರಿಸುವವರಿಗೆ

ಮೂರರಲ್ಲಿ ಮುಪ್ಪು ಕಡಿಮೆ ತಟ್ಟುವುದು ಚಿತ್ರಕಥೆಗೆ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನ ಹುಟ್ಟನ್ನು ಹೇಳಿದ್ದು ಕೇವಲ 11 ಪುಟಗಳಲ್ಲಿ. ಜೇಡ ಕಚ್ಚುವುದು, ಶಕ್ತಿ ಬರುವುದು, ಅಹಂಕಾರ ಬರುವುದು, ಓಡಿಹೋಗುತ್ತಿದ್ದ ಕಳ್ಳನನ್ನು ತಡೆಯದೆ ಬಿಡುವುದು, ಅದೇ ಕಳ್ಳ ದೊಡ್ಡಪ್ಪನನ್ನು ಕೊಂದನೆಂದು ತಿಳಿಯುವುದು ಇಷ್ಟೂ ಆ ಪುಟಗಳಲ್ಲಿವೆ. ಆಮೇಲೆ ಅವನ ಹುಟ್ಟನ್ನು ಹೇಳಿದ ಸಿನಿಮಾಗಳು ಅದನ್ನೇ ಹಿಗ್ಗಿಸಿ ಹೇಳಿದವು. ಇಂಗ್ಲಿಷ್ ಓದಬಲ್ಲ ಹತ್ತು ಹನ್ನೆರಡು ವರ್ಷದ ಮಗುವಿಗೆ ಮೊದಲು ಕೊಡಬೇಕಾದದ್ದು ಈ ಹನ್ನೊಂದು ಪುಟಗಳನ್ನೇ.

ಪುಸ್ತಕ ಮಾತ್ರ ಮಾಡಬಲ್ಲ ಕೆಲಸ ಯಾವುದೆಂದು ಕೇಳಿದರೆ ನಾನು 1973ರ ಜೂನ್ ತಿಂಗಳ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೆಯ ಸಂಚಿಕೆಯನ್ನು ತೋರಿಸುತ್ತೇನೆ. ಗ್ರೀನ್ ಗಾಬ್ಲಿನ್ ಎಂಬ ಖಳನು ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ಮೇಲಿನಿಂದ ಕೆಡಹುತ್ತಾನೆ. ಸ್ಪೈಡರ್‌ಮ್ಯಾನ್ ಎಸೆದ ಬಲೆ ಅವಳ ಕಾಲನ್ನು ಹಿಡಿಯುತ್ತದೆ. ಮೇಲಕ್ಕೆಳೆದಾಗ ಅವಳು ಸತ್ತಿರುತ್ತಾಳೆ. ಬಲೆ ಹಿಡಿದ ಕ್ಷಣದ ಚಿತ್ರದಲ್ಲಿ ಅವಳ ಕತ್ತಿನ ಬಳಿ ‘ಸ್ನ್ಯಾಪ್’ ಎಂಬ ಸದ್ದಿನ ಪದವನ್ನು ಸಣ್ಣ ಅಕ್ಷರಗಳಲ್ಲಿ ಬರೆದಿದ್ದಾರೆ. ಮೊದಲ ಓದಿನಲ್ಲಿ ಅದು ಕಣ್ಣು ತಪ್ಪಿಸಿಕೊಂಡು ಹೋಗಬಹುದು. ಸಾವಿನ ವಿಷಯ ತಿಳಿದ ಮೇಲೆ ಓದುಗ ಪುಟ ಹಿಂದಕ್ಕೆ ಮಗುಚಿ ಆ ಅಕ್ಷರಗಳನ್ನು ಕಾಣುತ್ತಾನೆ, ಕೊಂದದ್ದು ಬಿದ್ದ ರಭಸವೋ ಕಾಪಾಡಲು ಬಂದ ಬಲೆಯ ಸೆಳೆತವೋ ಎಂಬ ಸಂಶಯ ಅವನಲ್ಲಿ ಹುಟ್ಟುತ್ತದೆ. ಇದೇ ಪ್ರಸಂಗವನ್ನು 2014ರಲ್ಲಿ ಸಿನಿಮಾ ಮಾಡಿದಾಗ ಗಡಿಯಾರದ ಗೋಪುರ, ನಿಧಾನಗತಿಯ ಬೀಳುವಿಕೆ, ಕೈಯ ಆಕಾರದಲ್ಲಿ ಚಾಚಿಕೊಳ್ಳುವ ಬಲೆ ಎಲ್ಲವನ್ನೂ ಚೆಂದವಾಗಿ ತೋರಿಸಿದರು. ಆದರೂ ಹಿಂದಿರುಗಿ ನೋಡಿ ಎದೆ ಧಸಕ್ಕೆನ್ನುವ ಆ ಅನುಭವ ಅಲ್ಲಿಲ್ಲ, ಏಕೆಂದರೆ ಚಿತ್ರಮಂದಿರದಲ್ಲಿ ಪುಟ ಮಗುಚುವ ಅಧಿಕಾರ ಪ್ರೇಕ್ಷಕನಿಗಿಲ್ಲ.

ಬ್ಯಾಟ್‌ಮ್ಯಾನ್ ಬೇಕೆನ್ನುವವರು 1987ರ ‘ಇಯರ್ ಒನ್’ ಕಥೆಯಿಂದ ಆರಂಭಿಸಬಹುದು. ಅದು ನಾಲ್ಕೇ ಸಂಚಿಕೆಗಳದ್ದು, ಹಿಂದಿನದ್ದೇನೂ ಓದಿರಬೇಕಾಗಿಲ್ಲ. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ನಮ್ಮಲ್ಲಿ ಚಿತ್ರಕಥೆಯೆಂದರೆ ಮಕ್ಕಳ ಪುಸ್ತಕವೆಂದು ಭಾವಿಸುವ ರೂಢಿ ಇದೆ. ಅಮೆರಿಕದ ಪ್ರಕಾಶಕರು 1954ರಲ್ಲಿ ತಾವೇ ರೂಪಿಸಿಕೊಂಡ ನಿಯಮಾವಳಿಯ ಕಾರಣದಿಂದ ಮುಂದಿನ ಎರಡು ಮೂರು ದಶಕಗಳ ಸೂಪರ್‌ಹೀರೋ ಕಥೆಗಳು ಬಹುತೇಕ ಮನೆಮಂದಿಯೆಲ್ಲ ಓದುವಂತಿವೆ. 1986ರಲ್ಲಿ ‘ವಾಚ್‌ಮೆನ್’ ಮತ್ತು ‘ಡಾರ್ಕ್ ನೈಟ್ ರಿಟರ್ನ್ಸ್’ ಬಂದ ಮೇಲೆ ಕಥೆಗಳು ವಯಸ್ಕರ ಕಡೆಗೆ ಹೊರಳಿದವು. ‘ವಾಚ್‌ಮೆನ್’ ಈ ಪ್ರಕಾರದ ಶ್ರೇಷ್ಠ ಕೃತಿ ಎಂದು ನಾನು ನಂಬುತ್ತೇನೆ, ಹೈಸ್ಕೂಲು ಮುಗಿಯದ ಮಕ್ಕಳ ಕೈಗೆ ಅದನ್ನು ಕೊಡಬಾರದು ಎಂದೂ ಅಷ್ಟೇ ಬಲವಾಗಿ ನಂಬುತ್ತೇನೆ. ಒಂದು ಸ್ಥೂಲ ನಿಯಮವಾಗಿ ಹೇಳುವುದಾದರೆ, 1985ಕ್ಕಿಂತ ಹಿಂದಿನದನ್ನು ನಿಶ್ಚಿಂತೆಯಿಂದ ಕೊಡಬಹುದು, ಆಮೇಲಿನದನ್ನು ದೊಡ್ಡವರು ಮೊದಲು ಓದಿ ನೋಡಬೇಕು.

ಇನ್ನು ಕನ್ನಡದಲ್ಲಿ ಓದಬೇಕೆನ್ನುವವರ ಪಾಡು. ಅಂಗಡಿಯಲ್ಲಿ ಕನ್ನಡದ ಚಿತ್ರಕಥೆ ಕೇಳಿದರೆ ಕೈಗೆ ಬರುವುದು ಅಮರ ಚಿತ್ರ ಕಥೆಯೇ ಹೊರತು ಬ್ಯಾಟ್‌ಮ್ಯಾನ್ ಅಲ್ಲ. ಅಮರ ಚಿತ್ರ ಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು, ಅಂದರೆ ನಮಗೆ ನೆರೆಯವರು. ಅದಕ್ಕೆ ಮೊದಲು ಅವರು ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ದುಡಿದಿದ್ದರು. 1964ರ ಮಾರ್ಚ್‌ನಲ್ಲಿ ಆರಂಭವಾಗಿ 1990ರಲ್ಲಿ ನಿಂತ ಆ ಮಾಲೆಯ ಮೂಲಕವೇ ಲೀ ಫಾಕ್‌ನ ಫ್ಯಾಂಟಮ್, ಮಾಂತ್ರಿಕ ಮ್ಯಾಂಡ್ರೇಕ್ ನಮ್ಮ ಹಿರಿಯರ ಮನೆಗಳನ್ನು ಹೊಕ್ಕರು. ಹಳೆಯ ಟ್ರಂಕಿನಲ್ಲಿ ಅವು ಸಿಕ್ಕಿದರೆ ಖಂಡಿತ ಓದಬೇಕು, ಆದರೆ ಕಣ್ಣು ತೆರೆದು ಓದಬೇಕು. ಕಾಡಿನ ಜನರನ್ನೆಲ್ಲ ತಲೆಮಾರುಗಳಿಂದ ಕಾಯುವವನು ಮುಖವಾಡ ತೊಟ್ಟ ಒಬ್ಬ ಬಿಳಿಯ ಎಂಬ ಕಲ್ಪನೆ 1936ರ ವಸಾಹತು ಕಾಲದ್ದು. ಅದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಓದಿಸಿದವರ ಹೊಣೆ. ನಮ್ಮ ಸಂಪಾದಕರು ಆ ಕಾಲ್ಪನಿಕ ನಾಡಿನ ಹೆಸರನ್ನು ‘ಡೆಂಕಾಲಿ’ ಎಂದು, ಕಡಲ್ಗಳ್ಳರಾದ ‘ಸಿಂಗ್’ರನ್ನು ‘ಸಿಂಗ’ರೆಂದು ಬದಲಾಯಿಸಿ ಮುಜುಗರವನ್ನು ಸ್ವಲ್ಪ ತಗ್ಗಿಸಿದ್ದರು ಎಂಬುದೂ ಗಮನಾರ್ಹ.

ಮತ್ತೆ ಡಿಂಗನ ವಿಷಯ. ಕೋಟ್ಟಯಂನ ಮಂಗಳಂ ಬಳಗದ ಬಾಲಮಂಗಳಂ ಪತ್ರಿಕೆಯಲ್ಲಿ 1983ರಲ್ಲಿ ಎನ್. ಸೋಮಶೇಖರನ್ ಬರೆದು ಬೇಬಿ ಚಿತ್ರಿಸಿದ ಡಿಂಕನ್ ಎಂಬ ಇಲಿಯೇ ಕನ್ನಡದ ಬಾಲಮಂಗಳದಲ್ಲಿ ಡಿಂಗನಾದ. ಗಡಿನಾಡಿನ ಪೇಟೆಗಳ ಗೂಡಂಗಡಿಯಲ್ಲಿ ಎರಡೂ ಭಾಷೆಯ ಸಂಚಿಕೆಗಳನ್ನು ಒಂದೇ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಿದ್ದರು. ಸೂಪರ್‌ಮ್ಯಾನ್‌ನ ಉಡುಪನ್ನೇ ಹೋಲುವ ಉಡುಪು ತೊಟ್ಟ ಈ ಇಲಿ, ಆನೆ ಸಿಂಹಗಳ ಕಾಡಿನಲ್ಲಿ ಎಲ್ಲರಿಗಿಂತ ಬಲಶಾಲಿ. ಸೂಪರ್‌ಹೀರೋ ಕಥೆಯ ತಿರುಳಾದ ‘ಎಲ್ಲರಿಗಿಂತ ಚಿಕ್ಕವನೇ ಎಲ್ಲರನ್ನೂ ಕಾಯುವವನು’ ಎಂಬ ಮಾತನ್ನು ಐದು ವರ್ಷದ ಮಗುವಿಗೂ ಅರ್ಥವಾಗುವಂತೆ ಹೇಳಿದವನು ಅವನು. ಬಾಲರಮದ ಮಾಯಾವಿಗೆ ಅವನಿಗಿಂತ ಹೆಚ್ಚು ಓದುಗರಿರಬಹುದು, ಈಟಿಯ ಮೇಲೆ ಹಾರುವ ಲುಟ್ಟಾಪಿ ನಾಯಕನಿಗಿಂತ ಮುದ್ದಾಗಿರಬಹುದು. ಆದರೆ ಮಾಯಾವಿ ಮಂತ್ರಕ್ಕೆ ಓಗೊಟ್ಟು ಬರುವ ಕುಟ್ಟಿಚಾತ್ತನ್ ಎಂಬ ಪುಟ್ಟ ಭೂತ, ಡಿಂಗ ಮಾತ್ರ ನೂರಕ್ಕೆ ನೂರು ಸೂಪರ್‌ಹೀರೋ. ಮಲಯಾಳದ ಬಾಲಮಂಗಳಂ 2012ರಲ್ಲಿ ನಿಂತಿತು. ಕನ್ನಡದ ಹಳೆಯ ಸಂಚಿಕೆಗಳೂ ಈಗ ಹಳೆ ಪುಸ್ತಕದಂಗಡಿಯ ಸರಕು. ಕೊಳ್ಳುವಾಗ ನಡುವಿನ ಹಾಳೆ ಇದೆಯೇ ಎಂದು ನೋಡಿಕೊಳ್ಳಬೇಕು, ಪಿನ್ನು ತುಕ್ಕು ಹಿಡಿದು ಮೊದಲು ಕಳಚಿಹೋಗುವುದು ಅದೇ. ಶಿವಕಾಶಿಯ ಮುತ್ತು ಕಾಮಿಕ್ಸ್ 1972ರಿಂದ ‘ಇರುಂಬುಕ್ಕೈ ಮಾಯಾವಿ’ಯಂಥ ವಿದೇಶಿ ಸಾಹಸಿಗರನ್ನು ತಮಿಳಿಗೆ ತಂದು, ಅದರ ಬಳಗ ಇಂದಿಗೂ ಪುಸ್ತಕ ಹೊರತರುತ್ತಿರುವುದನ್ನು ಕಂಡಾಗ, ಹೊಸೂರಿನ ಕಡೆಯ ಕನ್ನಡಿಗರಿಗೆ ಇರುವ ಈ ಅನುಕೂಲ ನಮಗಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುವುದು ಸುಳ್ಳಲ್ಲ.

ಸಿನಿಮಾವನ್ನು ಆರಿಸುವವರಿಗೆ

ಸಿನಿಮಾದ ಅನುಕೂಲವೆಂದರೆ ಅದು ಒಂದು ಕೂಟ. ಅಜ್ಜಿಯಿಂದ ಮೊಮ್ಮಗನವರೆಗೆ ಒಟ್ಟಿಗೆ ಕುಳಿತು ಒಂದೇ ಹೊತ್ತಿಗೆ ನಗಬಹುದು, ಒಂದೇ ಹೊತ್ತಿಗೆ ಉಸಿರು ಬಿಗಿಹಿಡಿಯಬಹುದು. ಸ್ಯಾಮ್ ರೈಮಿಯ 2004ರ ‘ಸ್ಪೈಡರ್‌ಮ್ಯಾನ್ 2’ರಲ್ಲಿ ನಾಯಕ ಓಡುವ ರೈಲನ್ನು ಬಲೆಗಳಿಂದ ಎಳೆದು ನಿಲ್ಲಿಸಿ ಪ್ರಜ್ಞೆ ತಪ್ಪುತ್ತಾನೆ. ಪ್ರಯಾಣಿಕರು ಮುಖವಾಡವಿಲ್ಲದ ಅವನನ್ನು ತಲೆಯ ಮೇಲೆ ಎತ್ತಿ ಕೈಯಿಂದ ಕೈಗೆ ದಾಟಿಸಿ ಒಳಗೆ ಮಲಗಿಸುತ್ತಾರೆ. ‘ಇವನಿನ್ನೂ ಹುಡುಗ’ ಎಂಬ ಬೆರಗು ಅವರ ಮುಖಗಳಲ್ಲಿರುತ್ತದೆ; ಇಬ್ಬರು ಹುಡುಗರು ಮುಖವಾಡವನ್ನು ಹಿಂದಿರುಗಿಸಿ, ಯಾರಿಗೂ ಹೇಳುವುದಿಲ್ಲ ಎನ್ನುತ್ತಾರೆ. ಗುಂಪಿನೊಳಗೆ ಕುಳಿತು ಇನ್ನೊಂದು ಗುಂಪನ್ನು ನೋಡುವ ಈ ಅನುಭವ ಪುಸ್ತಕದಿಂದ ಸಿಗಲಾರದು. ಒಂದೇ ಹಾಲಿವುಡ್ ಸೂಪರ್‌ಹೀರೋ ಸಿನಿಮಾ ನೋಡುತ್ತೇನೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕ್ರಿಸ್ಟಫರ್ ನೋಲನ್‌ನ 2008ರ ‘ಡಾರ್ಕ್ ನೈಟ್’ ಹೆಚ್ಚು ಬಿಗಿಯಾದ ಚಿತ್ರ, ಆದರೆ ಅದನ್ನು ನೋಡಿ ಎದ್ದಾಗ ಮನೆಮಂದಿಯ ನಡುವೆ ಮಾತು ಹೊರಡುವುದಿಲ್ಲ.

ಸರಪಳಿ ಚಿತ್ರಗಳ ಬಗ್ಗೆ ನನ್ನ ನಿಲುವು ಹಲವರಿಗೆ ಹಿಡಿಸಲಿಕ್ಕಿಲ್ಲ. 2008ರ ‘ಐರನ್ ಮ್ಯಾನ್’ನಿಂದ ಆರಂಭವಾದ ಮಾರ್ವೆಲ್ ಮಾಲೆಯಲ್ಲಿ 2019ರ ‘ಎಂಡ್‌ಗೇಮ್’ 22ನೆಯದು, ಅದೊಂದೇ 181 ನಿಮಿಷಗಳದ್ದು. ಚಿತ್ರ ಬಿಡುಗಡೆಯಾದಂತೆ ವರ್ಷ ವರ್ಷ ನೋಡುತ್ತ ಬಂದವರಿಗೆ ಅದು ಹಬ್ಬ. ಇಂದು ಹೊಸದಾಗಿ ಆರಂಭಿಸುವವರಿಗೆ ಪರೀಕ್ಷೆಯ ಸಿಲೆಬಸ್. ಹೊಸಬರು ಸರಪಳಿಯನ್ನು ಬಿಟ್ಟು ಬಿಡಿ ಚಿತ್ರಗಳನ್ನೇ ಆರಿಸಿಕೊಳ್ಳುವುದು ಲೇಸು.

ಆ ಬಿಡಿ ಚಿತ್ರಗಳ ಸಾಲಿನಲ್ಲಿ ನಮಗೆ ತೀರ ಹತ್ತಿರದ್ದು ಬಾಸಿಲ್ ಜೋಸೆಫ್ ನಿರ್ದೇಶಿಸಿದ ‘ಮಿನ್ನಲ್ ಮುರಳಿ’. 2021ರ ಡಿಸೆಂಬರ್ 24ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಈ ಮಲಯಾಳ ಚಿತ್ರದಲ್ಲಿ ಕುರುಕ್ಕನ್‌ಮೂಲ ಎಂಬ ಕಾಲ್ಪನಿಕ ಹಳ್ಳಿಯ ದರ್ಜಿಯೊಬ್ಬನಿಗೆ ಸಿಡಿಲು ಬಡಿದು ಶಕ್ತಿ ಬರುತ್ತದೆ. ಅದೇ ರಾತ್ರಿ ಊರು ಹುಚ್ಚನೆಂದು ದೂರವಿಟ್ಟ ಶಿಬು ಎಂಬವನಿಗೂ ಸಿಡಿಲು ಬಡಿಯುತ್ತದೆ. ಟೊವಿನೊ ಥಾಮಸ್ ಚೆನ್ನಾಗಿ ನಟಿಸಿದ್ದರೂ ಚಿತ್ರವನ್ನು ಹೊತ್ತುಕೊಂಡು ಹೋಗುವುದು ಶಿಬುವಾದ ಗುರು ಸೋಮಸುಂದರಂ. ವರ್ಷಗಳ ಕಾಲ ಮನಸ್ಸಿನಲ್ಲೇ ಬಚ್ಚಿಟ್ಟ ಪ್ರೀತಿ ತನ್ನ ಕಡೆಗೆ ಒಮ್ಮೆ ತಿರುಗಿದಾಗ ಅಳುವೂ ನಗುವೂ ಒಂದರೊಳಗೊಂದು ಸೇರಿಹೋಗುವ ಅವರ ಮುಖವನ್ನು ನೋಡಿದ ಮೇಲೆ ಅವನನ್ನು ಖಳನಾಯಕ ಎಂದು ಕರೆಯಲು ನಾಲಿಗೆ ಹಿಂಜರಿಯುತ್ತದೆ. ನ್ಯೂಯಾರ್ಕಿನ ಗಗನಚುಂಬಿಗಳಿಲ್ಲದೆ, ಚಹಾದಂಗಡಿ, ದರ್ಜಿಯ ಹೊಲಿಗೆಯಂತ್ರ, ಪೊಲೀಸ್ ಠಾಣೆಗಳ ನಡುವೆಯೇ ಈ ಪ್ರಕಾರ ಬಾಳಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿತು.

2025ರ ಆಗಸ್ಟ್‌ನಲ್ಲಿ ಬಂದ ಡೊಮಿನಿಕ್ ಅರುಣ್ ಅವರ ‘ಲೋಕಾ’ ಇದಕ್ಕಿಂತ ದೊಡ್ಡ ಹರಹಿನದು. ಕೇರಳದ ಐತಿಹ್ಯಗಳ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನು ಇಂದಿನ ಬೆಂಗಳೂರಿಗೆ ತಂದು ಕಲ್ಯಾಣಿ ಪ್ರಿಯದರ್ಶನ್‌ಗೆ ಆ ಪಾತ್ರ ಕೊಟ್ಟಿದ್ದಾರೆ. ಕಲ್ಪನೆ ಬಹಳ ಚೆನ್ನಾಗಿದೆ. ಆದರೆ ಮುಂದಿನ ಭಾಗಗಳಿಗೆ ಕೊಂಡಿ ಹಾಕುವ ಆತುರದಲ್ಲಿ ಅದೂ ಸರಪಳಿಯ ಮೊದಲ ಉಂಗುರವಾಗಿಬಿಟ್ಟಿದೆ. ಒಂದೇ ಕೂಟಕ್ಕೆ ಮುಗಿಯುವ ಕಥೆ ಬೇಕಿದ್ದರೆ ‘ಮಿನ್ನಲ್ ಮುರಳಿ’, ಮುಂದೆಯೂ ಬೆನ್ನುಹತ್ತುವ ಉಮೇದಿದ್ದರೆ ‘ಲೋಕಾ’. ತೆಲುಗಿನ 2024ರ ‘ಹನು-ಮಾನ್’ ಸಣ್ಣ ಮಕ್ಕಳಿಗೆ ಬಲು ಇಷ್ಟವಾಗುತ್ತದೆ, ದೊಡ್ಡವರು ಕೊನೆಯ ಅರ್ಧ ಗಂಟೆಗಾಗಿ ಕಾಯಬೇಕು. ಈ ಸಾಲಿಗೆ ‘ಕಾಂತಾರ’ವನ್ನು ಸೇರಿಸುವವರೂ ಇದ್ದಾರೆ, ನಾನು ಸೇರಿಸುವುದಿಲ್ಲ. ನಮ್ಮ ಮನೆಗಳಲ್ಲಿ ದೈವಕ್ಕೆ ತಂಬಿಲ ಕೊಡುತ್ತಾರೆ; ಅದನ್ನು ಮುಖವಾಡದ ನಾಯಕರ ಪಕ್ಕದಲ್ಲಿ ನಿಲ್ಲಿಸುವುದು ಇಬ್ಬರಿಗೂ ನ್ಯಾಯವಲ್ಲ.

ಹಳೆಯ ಟಿವಿಯ ಕಡೆಗೆ ಹೊರಟವರಿಗೆ

ಮೂರು ದಾರಿಗಳಲ್ಲಿ ಹೆಚ್ಚು ಜನ ಹಿಡಿಯುವುದೂ, ಹೆಚ್ಚು ಜನ ನಿರಾಶರಾಗಿ ಹಿಂದಿರುಗುವುದೂ ಇದರಲ್ಲೇ. ‘ಶಕ್ತಿಮಾನ್’ 1997ರ ಸೆಪ್ಟೆಂಬರ್ 13ರಂದು ದೂರದರ್ಶನದಲ್ಲಿ ಆರಂಭವಾಗಿ 2005ರವರೆಗೆ ನಡೆಯಿತು. ಯೋಗಬಲದಿಂದ ಏಳು ಚಕ್ರಗಳನ್ನು ಎಚ್ಚರಿಸಿ ಪಂಚಭೂತಗಳ ಶಕ್ತಿ ಪಡೆದ ನಾಯಕ, ಕತ್ತಲೆಯೇ ನೆಲೆಸಲಿ ಎಂದು ಗುಡುಗುವ ತಮರಾಜ್ ಕಿಲ್ವಿಷ್, ಸುದ್ದಿಗೆ ಓಡಾಡುವ ಗೀತಾ ವಿಶ್ವಾಸ್, ಉಬ್ಬುಹಲ್ಲು ಕನ್ನಡಕಗಳ ಛಾಯಾಗ್ರಾಹಕ ಗಂಗಾಧರ. ಅಲ್ಪಸ್ವಲ್ಪ ಹಿಂದಿ ಬಲ್ಲ ನಮ್ಮ ಊರಿನ ಮಕ್ಕಳಿಗೂ ಅದು ಅರ್ಥವಾಗುತ್ತಿತ್ತು, ಏಕೆಂದರೆ ಗಂಗಾಧರನೇ ಶಕ್ತಿಮಾನ್ ಎಂಬ ಗುಟ್ಟು ನಮಗೆ ಹೊಸದಾಗಿರಲಿಲ್ಲ. ಹಗಲು ಸೊಸೈಟಿಯಲ್ಲಿ ಲೆಕ್ಕ ಬರೆಯುವ ಮಾಷ್ಟ್ರು ರಾತ್ರಿ ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ ಕಿರೀಟ ಕಟ್ಟಿ ರಂಗಸ್ಥಳಕ್ಕೆ ಹೊರಟರೆ ಅವರು ಅವರಾಗಿರುವುದಿಲ್ಲ ಎಂಬುದನ್ನು ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಮೇಲಾಗಿ ಮುಕೇಶ್ ಖನ್ನಾ ಅದಕ್ಕೂ ಮೊದಲು ‘ಮಹಾಭಾರತ’ದ ಭೀಷ್ಮರಾಗಿದ್ದವರು, ಕಂತಿನ ಕೊನೆಯಲ್ಲಿ ಅವರು ಮಕ್ಕಳಿಗೆ ಹಲ್ಲುಜ್ಜಿ, ಸುಳ್ಳು ಹೇಳಬೇಡಿ ಎಂದು ಬುದ್ಧಿ ಹೇಳಿದರೆ ಮನೆಯ ಹಿರಿಯರೂ ತಲೆದೂಗುತ್ತಿದ್ದರು.

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ ದೂರದರ್ಶನ ಅದನ್ನು ಮರುಪ್ರಸಾರ ಮಾಡಿದಾಗ ಅನೇಕರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹೊಡೆದಾಟಗಳು ನೆನಪಿನಲ್ಲಿದ್ದಷ್ಟು ರಭಸದವಾಗಿರಲಿಲ್ಲ, ಗ್ರಾಫಿಕ್ಸ್ ಕಂಡು ಮಕ್ಕಳು ನಕ್ಕರು, ದೊಡ್ಡವರಿಗೆ ಮುಖಭಂಗವಾಯಿತು. ಇದರಲ್ಲಿ ಧಾರಾವಾಹಿಯ ತಪ್ಪು ಕಡಿಮೆ. ಭಾನುವಾರ ಮಧ್ಯಾಹ್ನ ಹನ್ನೆರಡು ಗಂಟೆಗೆ ಅಂಗಳದಲ್ಲಿ ಯಾರೋ ಆ್ಯಂಟೆನಾ ತಿರುಗಿಸುತ್ತಿರುವುದು, ಒಳಗಿನಿಂದ ‘ಬಂತು, ಬಂತು, ಅಲ್ಲಿಯೇ ಬಿಡು’ ಎಂದು ಕೂಗುವುದು, ಅಷ್ಟರಲ್ಲಿ ಕರೆಂಟು ಹೋದರೆ ಆ ಕಂತು ಶಾಶ್ವತವಾಗಿ ಹೋಯಿತು ಎಂಬ ಸಂಕಟ, ಮರುದಿನ ಶಾಲೆಯಲ್ಲಿ ನೋಡಿದವನ ಬಾಯಿಂದ ನಾಲ್ಕು ಪಟ್ಟು ಬಣ್ಣ ಹಚ್ಚಿದ ಕಥೆ ಕೇಳುವುದು, ಇವೆಲ್ಲ ಸೇರಿ ‘ಶಕ್ತಿಮಾನ್’ ಆಗಿತ್ತು. ಅದರಲ್ಲಿ ಪರದೆಯ ಮೇಲಿನ ಪಾಲು ಅರ್ಧ ಮಾತ್ರ. ಉಳಿದರ್ಧವನ್ನು ಕಾಯುವಿಕೆ ತುಂಬುತ್ತಿತ್ತು.

ಆದ್ದರಿಂದ ಹಳೆಯ ಧಾರಾವಾಹಿಯನ್ನು ಆರಿಸುವವರಿಗೆ ನನ್ನ ಸಲಹೆ ಸರಳವಾದದ್ದು: ವಾರಕ್ಕೆ ಒಂದೇ ಕಂತು, ಗೊತ್ತಾದ ದಿನ, ಗೊತ್ತಾದ ಹೊತ್ತಿನಲ್ಲಿ ನೋಡಬೇಕು. ಒಂದೇ ರಾತ್ರಿ ಸಾಲಾಗಿ ಹತ್ತು ಕಂತು ನೋಡಿದರೆ ಆ ಕಾಲದ ಎಳೆದ ಸಂಭಾಷಣೆ, ಮರುಕಳಿಸುವ ದೃಶ್ಯ, ಹಿಂದಿನ ವಾರದ ನೆನಪೋಲೆ ಎಲ್ಲವೂ ದೋಷಗಳಾಗಿ ಕಾಣುತ್ತವೆ. ಅವುಗಳನ್ನು ರೂಪಿಸಿದ್ದೇ ವಾರದ ಬಿಡುವನ್ನು ಲೆಕ್ಕದಲ್ಲಿಟ್ಟು. ಮಕ್ಕಳು ‘ಇನ್ನೊಂದು ಹಾಕಿ’ ಎಂದು ಪೀಡಿಸುವುದು ನಿಶ್ಚಿತ. ಹಾಕದಿರುವುದೇ ಈ ದಾರಿಯ ಮುಖ್ಯ ನಿಯಮ.

ಈ ಕಟ್ಟುಪಾಡಿಗೆ ಒಳಗಾಗದೆ ಇಂದಿಗೂ ತಾಜಾ ಆಗಿ ಉಳಿದಿರುವುದು ಅನಿಮೇಷನ್. 1992ರಲ್ಲಿ ಆರಂಭವಾದ ‘ಬ್ಯಾಟ್‌ಮ್ಯಾನ್’ ಅನಿಮೇಷನ್ ಸರಣಿಯ 85 ಕಂತುಗಳು ನನ್ನ ಮಟ್ಟಿಗೆ ಟಿವಿ ಈ ಪ್ರಕಾರಕ್ಕೆ ಕೊಟ್ಟ ಶ್ರೇಷ್ಠ ಕಾಣಿಕೆ. ಅದರ ಹಿನ್ನೆಲೆಗಳನ್ನು ಕಪ್ಪು ಕಾಗದದ ಮೇಲೆ ಚಿತ್ರಿಸುತ್ತಿದ್ದರು. ಬೆಳಕಿನಲ್ಲಿ ನೆರಳು ಹಾಕುವ ಬದಲು ಕತ್ತಲೆಯಿಂದ ಬೆಳಕನ್ನು ಹೊರತೆಗೆಯುವ ಆ ಕ್ರಮದಿಂದಾಗಿ ಗಾಥಮ್ ನಗರದ ಪ್ರತಿಯೊಂದು ಬೀದಿಗೂ ಒಂದು ಆಳ ಬಂದಿದೆ. ಕೆವಿನ್ ಕಾನ್‌ರಾಯ್ ಬ್ಯಾಟ್‌ಮ್ಯಾನ್‌ಗೂ ಬ್ರೂಸ್ ವೇನ್‌ಗೂ ಬೇರೆ ಬೇರೆ ದನಿ ಕೊಟ್ಟರು. ಜೋಕರನಿಗೆ ಮಾರ್ಕ್ ಹ್ಯಾಮಿಲ್ ಕೊಟ್ಟ ನಗು ಸಿನಿಮಾದ ಜೋಕರರನ್ನೂ ಮೀರಿಸುತ್ತದೆ. ಜೋಕರನ ಜೊತೆಗಾತಿ ಹಾರ್ಲಿ ಕ್ವಿನ್ ಹುಟ್ಟಿದ್ದು ಇಲ್ಲಿಯೇ, ಪುಸ್ತಕಗಳಿಗೆ ಅವಳು ಆಮೇಲೆ ಹೋದಳು. ಮಂಜಿನ ಬಂದೂಕು ಹಿಡಿದ ಸಾಧಾರಣ ಖಳನಾಗಿದ್ದ ಮಿಸ್ಟರ್ ಫ್ರೀಜ್‌ಗೆ ಕಾಯಿಲೆಯ ಹೆಂಡತಿಯ ದುಃಖವನ್ನು ಕೊಟ್ಟು ಮನುಷ್ಯನನ್ನಾಗಿ ಮಾಡಿದ್ದೂ ಈ ಸರಣಿಯ ‘ಹಾರ್ಟ್ ಆಫ್ ಐಸ್’ ಎಂಬ ಕಂತು. ಒಂದೊಂದು ಕಂತು ಇಪ್ಪತ್ತೆರಡು ನಿಮಿಷಗಳ ಆಸುಪಾಸು. ಪೂರ್ತಿ ನೋಡಿದರೂ ಮೂವತ್ತು ಗಂಟೆ ಚಿಲ್ಲರೆ. ಆ್ಯಡಂ ವೆಸ್ಟ್ ನಟಿಸಿದ 1966ರ ‘ಬ್ಯಾಟ್‌ಮ್ಯಾನ್’ ಇದಕ್ಕೆ ತದ್ವಿರುದ್ಧ, ಏಟು ಬಿದ್ದಾಗಲೆಲ್ಲ ಪರದೆಯ ಮೇಲೆ ಸದ್ದಿನ ಅಕ್ಷರಗಳು ಮೂಡುವ ಶುದ್ಧ ಹಾಸ್ಯ. ಏಳೆಂಟು ವರ್ಷದ ಮಕ್ಕಳಿಗೆ ಅದು ಸರಿ.

ಯಾವ ಭಾಷೆಯಲ್ಲಿ ನೋಡಬೇಕು?

ಗಡಿನಾಡಿನ ಮನೆಗೆ ಇದು ಚಿಕ್ಕ ಪ್ರಶ್ನೆಯಲ್ಲ. ಕನ್ನಡಕ್ಕೆ ಡಬ್ಬಿಂಗ್ ಬಾರದೆಂಬ ಅಲಿಖಿತ ತಡೆ ದಶಕಗಳ ಕಾಲ ಇದ್ದುದರಿಂದ ನಮ್ಮ ಪೀಳಿಗೆ ಸೂಪರ್‌ಹೀರೋಗಳ ಬಾಯಲ್ಲಿ ಕನ್ನಡ ಕೇಳಿದ್ದು ಬಹಳ ತಡವಾಗಿ. 2009ರಲ್ಲಿ ಬಂದ ಚಿಂಟು ಟಿವಿ ಮಕ್ಕಳಿಗೆ ಕಾರ್ಟೂನುಗಳನ್ನು ಕನ್ನಡದಲ್ಲಿ ಕೇಳಿಸಿತು, ಸಿನಿಮಾಗಳ ಸರದಿ ಇನ್ನೂ ತಡವಾಗಿ ಬಂತು. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ತೆರೆಕಂಡಾಗ ಅದರಲ್ಲಿ ಕನ್ನಡವೂ ಇತ್ತು. ಆ ಚಿತ್ರದಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ಇದ್ದಾನೆ, ಅವನು 2004ರಲ್ಲಿ ಇಲ್ಲಿಯೇ ಪ್ರಕಟವಾದ ನಾಲ್ಕು ಸಂಚಿಕೆಗಳ ಚಿತ್ರಕಥೆಯಿಂದ ಬಂದವನು. ಅವಕಾಶ ಸಿಕ್ಕರೆ ಈ ಚಿತ್ರವನ್ನು ಕನ್ನಡದಲ್ಲೇ ನೋಡಬೇಕು: ಮಾತು ಬಿರುಸು, ಚಿತ್ರ ಅದಕ್ಕಿಂತ ಬಿರುಸು, ಉಪಶೀರ್ಷಿಕೆ ಓದುತ್ತ ಕುಳಿತರೆ ಚಿತ್ರ ಕೈತಪ್ಪುತ್ತದೆ.

‘ಮಿನ್ನಲ್ ಮುರಳಿ’ಗೆ ಕನ್ನಡದ ದನಿಯೂ ಇದೆ, ಆದರೂ ಮಲಯಾಳವನ್ನೇ ಆರಿಸುವುದು ಒಳ್ಳೆಯದು. ಶಿಬುವಿನ ತಡವರಿಸುವ, ಅರ್ಧಕ್ಕೆ ನಿಲ್ಲುವ ಮಾತಿನಲ್ಲಿ ಇರುವುದು ಮತ್ತೊಬ್ಬರ ಬಾಯಿಗೆ ದಾಟುವಂಥದಲ್ಲ, ನಮ್ಮ ಪೇಟೆಯಲ್ಲಿ ಮೀನು ಕೊಳ್ಳುವಷ್ಟು ಮಲಯಾಳ ಬಲ್ಲವರಿಗೂ ಅದು ತಿಳಿಯುತ್ತದೆ. ‘ಶಕ್ತಿಮಾನ್’ ಹಿಂದಿಯಲ್ಲೇ ಇರಲಿ. ಹಳೆಯ ಅಮೆರಿಕನ್ ಚಿತ್ರಗಳಿಗೆ ಇಂಗ್ಲಿಷ್ ದನಿ, ಇಂಗ್ಲಿಷ್ ಉಪಶೀರ್ಷಿಕೆ ಎರಡನ್ನೂ ಇಟ್ಟುಕೊಂಡರೆ ಹೈಸ್ಕೂಲಿನ ಮಕ್ಕಳು ತಾವಾಗಿ ದಾರಿ ಹುಡುಕಿಕೊಳ್ಳುತ್ತಾರೆ.

ಯಾರಿಗೆ ಯಾವುದು

ಸಂಜೆ ಅರ್ಧ ಗಂಟೆ ಮಾತ್ರ ಬಿಡುವಿರುವ, ಒಬ್ಬರೇ ಕೂರಲು ಇಷ್ಟಪಡುವ ದೊಡ್ಡವರು ಪುಸ್ತಕದ ದಾರಿ ಹಿಡಿಯಬೇಕು: ಮೊದಲು ‘ಆಲ್-ಸ್ಟಾರ್ ಸೂಪರ್‌ಮ್ಯಾನ್’, ಆಮೇಲೆ ‘ಇಯರ್ ಒನ್’, ಗಟ್ಟಿ ಮನಸ್ಸಿದ್ದರೆ ‘ವಾಚ್‌ಮೆನ್’. ಓದುವ ಅಭ್ಯಾಸ ಇನ್ನೂ ಕುದುರದ ಸಣ್ಣ ಮಕ್ಕಳಿಗೆ ಡಿಂಗನ ಹಳೆಯ ಸಂಚಿಕೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಬ್ಯಾಟ್‌ಮ್ಯಾನ್ ಅನಿಮೇಷನ್. ಪರದೆಯ ಮೇಲೆ ವಯಸ್ಸಿನ ಗುರುತು ನೋಡದೆ ‘ಸೂಪರ್‌ಹೀರೋ ತಾನೆ’ ಎಂದು ‘ದ ಬಾಯ್ಸ್’, ‘ಡೆಡ್‌ಪೂಲ್’ಗಳನ್ನು ಮಕ್ಕಳಿಗೆ ಹಾಕಿಕೊಟ್ಟವರು ಮೊದಲ ಹತ್ತು ನಿಮಿಷಗಳಲ್ಲೇ ರಿಮೋಟಿಗಾಗಿ ತಡಕಾಡಬೇಕಾಗುತ್ತದೆ. ಹೆಣ್ಣುಮಕ್ಕಳಿರುವ ಮನೆಯವರು ನಾಯಕರ ಪಟ್ಟಿ ಬರೀ ಗಂಡಸರದ್ದಾಯಿತೆಂದು ಆಕ್ಷೇಪಿಸಿದರೆ ಅದು ನ್ಯಾಯವೇ. ಅವರಿಗೆ ‘ಲೋಕಾ’ ಇದೆ, ರಕ್ತಪಾತವಿರುವುದರಿಂದ ಹೈಸ್ಕೂಲಿನ ವಯಸ್ಸಿನವರೆಗೆ ಕಾದರೆ ಒಳಿತು.

ಬಾಲ್ಯದ ನೆನಪಿಗಾಗಿಯೇ ಹೊರಟವರು ‘ಶಕ್ತಿಮಾನ್’ನ ಕಂತುಗಳನ್ನು ಭಾನುವಾರಕ್ಕೊಂದರಂತೆ ಹಂಚಿಕೊಳ್ಳಲಿ, ನಾಲ್ಕು ವಾರಗಳಾದ ಮೇಲೆ ಮುಂದುವರಿಸಬೇಕೇ ಬೇಡವೇ ಎಂಬುದನ್ನು ಮಕ್ಕಳೇ ತೀರ್ಮಾನಿಸಲಿ. ನೆಂಟರಿಷ್ಟರೆಲ್ಲ ಸೇರಿದ ಒಂದೇ ಒಂದು ಸಂಜೆ ಇದ್ದು, ಮನೆಯಲ್ಲಿ ಮೂರು ತಲೆಮಾರು ಮೂರು ಭಾಷೆ ಆಡುತ್ತಿದ್ದರೆ, ಹೆಚ್ಚು ಯೋಚಿಸದೆ ‘ಮಿನ್ನಲ್ ಮುರಳಿ’ ಹಾಕಿ. ಎರಡೂವರೆ ಗಂಟೆಗಿಂತ ತುಸು ಉದ್ದವಿದೆ, ಆದ್ದರಿಂದ ಊಟ ಮುಗಿಸಿಯೇ ಕೂರಬೇಕು.